ಪರೀಕ್ಷೆ ನಡೆಸುವವರಿಗೂ ಶಿಸ್ತು ಬೇಡವೇ?



ನಮ್ಮ ದೇಶದ ಚಾಲನಾ ಪರವಾನಗಿ ಹಿಡಿದು ಬ್ರಿಟನ್ನಿಗೆ ಹೋದವರು, ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಅದರ ಬಲದ ಮೇಲೆ ಕಾರು ಓಡಿಸಬಹುದು. ಆಸ್ಟ್ರೇಲಿಯ, ಜಪಾನ್ ಮೊದಲಾದ ಕೆಲವು ದೇಶಗಳ ಪರವಾನಗಿಯನ್ನು ಅಲ್ಲಿ ಬದಲಿಸಿಕೊಡುತ್ತಾರೆ, ಭಾರತದ್ದನ್ನು ಕೊಡುವುದಿಲ್ಲ. ಬೆಂಗಳೂರಿನ ಸಂದಣಿಯಲ್ಲಿ ಹತ್ತು ವರ್ಷ ಕಾರು ನಡೆಸಿದವರೂ ಅಲ್ಲಿ ಹೊಸದಾಗಿ ಪರೀಕ್ಷೆ ಎದುರಿಸಬೇಕು. ಅದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ಆಕ್ಷೇಪವಿರುವುದು ಪರೀಕ್ಷೆ ನಡೆಸುವವರ ಶಿಸ್ತಿನ ಬಗ್ಗೆ.

ಕೋವಿಡ್‌ಗೆ ಮುಂಚೆ ಸುಮಾರು 5 ವಾರವಿದ್ದ ಸರಾಸರಿ ಕಾಯುವಿಕೆ 2025ರ ಸೆಪ್ಟೆಂಬರ್‌ನಲ್ಲಿ 22 ವಾರಗಳಿಗೆ ಏರಿತ್ತೆಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿದೆ. ಪರೀಕ್ಷೆಗೆ ಹಾಜರಾದವರಲ್ಲಿ ಅರ್ಧದಷ್ಟು ಜನ ಅನುತ್ತೀರ್ಣರಾಗುತ್ತಾರೆ. ಒಮ್ಮೆ ಸೋತವನು ಮತ್ತೆ ಅಷ್ಟೇ ಕಾದರೆ 44 ವಾರಗಳಾದವು. ಆ 12 ತಿಂಗಳಲ್ಲಿ ಉಳಿದದ್ದೆಷ್ಟು, ನೀವೇ ಲೆಕ್ಕ ಹಾಕಿ.

ಇನ್ನು ರದ್ದತಿಯ ವಿಚಾರ. 2025ರ ಏಪ್ರಿಲ್‌ನಿಂದ, ಅಭ್ಯರ್ಥಿಯು ಕೆಲಸದ 10 ದಿನಗಳಿಗೆ ಮುಂಚೆ ತಿಳಿಸದೆ ಪರೀಕ್ಷೆ ರದ್ದುಪಡಿಸಿದರೆ ಅಥವಾ ಮುಂದೂಡಿದರೆ ಶುಲ್ಕ ಕೈಬಿಟ್ಟಿತು. ಮೊದಲು ಇದು 3 ದಿನವಿತ್ತು. ಹಿಮ ಬಿದ್ದು ಇಲಾಖೆಯೇ ರದ್ದುಪಡಿಸಿದರೆ? ಹೊಸ ದಿನಾಂಕ ಕೊಡುತ್ತಾರೆ, ಆದರೆ ಆ ದಿನಕ್ಕೆಂದು ಗೊತ್ತುಮಾಡಿದ್ದ ಕಾರಿನ ಬಾಡಿಗೆ ಮರಳಿ ಬಾರದು. ಇತ್ತ ಲಿಖಿತ ಪರೀಕ್ಷೆಯ ಪ್ರಮಾಣಪತ್ರಕ್ಕೆ ಎರಡೇ ವರ್ಷ ಆಯುಸ್ಸು. ಪರೀಕ್ಷೆಗಳೇ ನಿಂತುಹೋಗಿದ್ದ 2020ರಲ್ಲಿ ಕೂಡ ಅದನ್ನು ವಿಸ್ತರಿಸಲು ಸರ್ಕಾರ ಒಪ್ಪಲಿಲ್ಲ. ತಡಮಾಡಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು! ನಾನು ಶಾಲೆಯಲ್ಲಿ ಹೀಗೆ ನಡೆದುಕೊಂಡಿದ್ದರೆ ನಿಮ್ಮ ತಂದೆತಾಯಿಗಳು ಬಿಡುತ್ತಿದ್ದರೇ?

ಅಭಾವವಿದ್ದಲ್ಲಿ ದಲ್ಲಾಳಿ ಹುಟ್ಟುತ್ತಾನೆ. ನಮ್ಮ ಆರ್‌ಟಿಒ ಕಚೇರಿಗಳ ಮುಂದೆ ಅವನನ್ನು ಕಂಡವರು ನಾವು. ಅಲ್ಲಿ ಅವನು ಕಂಪ್ಯೂಟರಿನೊಳಗೆ ಕುಳಿತಿದ್ದ. ವಾರದ ದಿನಗಳಲ್ಲಿ 62 ಪೌಂಡ್ ಶುಲ್ಕದ ಪರೀಕ್ಷೆಯನ್ನು ಮುಂಚಿತವಾಗಿ ಕಾಯ್ದಿರಿಸಿ 500 ಪೌಂಡ್‌ವರೆಗೂ ಮಾರಿದ್ದುಂಟು. ಇನ್ನು ಮುಂದೆ ಕಲಿಯುವವರೇ ಕಾಯ್ದಿರಿಸಬೇಕೆಂಬ ನಿಯಮ ತರುವುದಾಗಿ 2025ರ ನವೆಂಬರ್‌ನಲ್ಲಿ ಸರ್ಕಾರ ಘೋಷಿಸಿತು. ಒಳ್ಳೆಯದೇ. ಆದರೆ ದಲ್ಲಾಳಿಯನ್ನು ಓಡಿಸಿದ ಮಾತ್ರಕ್ಕೆ ಪರೀಕ್ಷಕರ ಸಂಖ್ಯೆ ಹೆಚ್ಚುವುದಿಲ್ಲ. ರೋಗದ ಮೂಲ ಇರುವುದು ಅಲ್ಲಿ.

"ರಸ್ತೆಯ ಸುರಕ್ಷತೆ ಮುಖ್ಯವಲ್ಲವೇ ಮೇಷ್ಟ್ರೇ?" ಎಂದು ನೀವು ಕೇಳಬಹುದು. ಖಂಡಿತ ಮುಖ್ಯ. ಪರೀಕ್ಷೆ ಸುಲಭವಾಗಲಿ ಎಂದು ನಾನು ಹೇಳುತ್ತಿಲ್ಲ; ಎಷ್ಟು ಬೇಕಾದರೂ ಕಠಿಣವಾಗಿರಲಿ. ಆದರೆ ಕಾಯಿಸುವುದರಿಂದ ಯಾರೂ ಉತ್ತಮ ಚಾಲಕರಾಗುವುದಿಲ್ಲ. ಇಲಾಖೆ ರದ್ದುಪಡಿಸಿದ ಪರೀಕ್ಷೆಗೆ ಎರಡು ವಾರದೊಳಗೆ ಬದಲಿ ದಿನ ಕೊಡಲಿ. ತಾನು ಕಾಯಿಸಿದಷ್ಟು ಕಾಲವನ್ನು ಲಿಖಿತ ಪರೀಕ್ಷೆಯ ಅವಧಿಗೆ ಸೇರಿಸಲಿ. ಅಭ್ಯರ್ಥಿಗೆ ವಿಧಿಸುವ ಗಡುವನ್ನು ತಾನೂ ಪಾಲಿಸಲಿ. ವಿದ್ಯಾರ್ಥಿಯಿಂದ ಸಮಯಪಾಲನೆ ಬಯಸುವವನು ಗಂಟೆ ಬಾರಿಸುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರಬೇಕು.