ಗಾಳದ ಕೋಲಿಗೆ ಜಾಸ್ತಿ ರೊಕ್ಕ ಸುರೀಬ್ಯಾಡ್ರಿ

ಕೃಷಿಹೊಂಡದಾಗ ಕೊರವ ಮೀನು ಸೇರಿಕೊಂಡರೆ ನಾವು ಬಿಟ್ಟ ಕಾಟ್ಲಾ, ರೋಹು ಮರಿಗಳನ್ನು ನುಂಗಿಹಾಕುತ್ತದೆ. ಅದನ್ನು ಹಿಡಿಯಲು ಕ್ರ್ಯಾಂಕ್‌ಬೇಟ್ ಎಂಬ ಪ್ಲಾಸ್ಟಿಕ್ ಮೀನು ಒಳ್ಳೆಯದೇ. ಎಳೆದಂತೆ ನೀರೊಳಗೆ ಇಳಿದು ನಡುಗುತ್ತದೆ. ಹಿಡಕಲ್ ಜಲಾಶಯದಾಗ ಹಾಕೋ ಆಸೆ ಇದ್ದವರು ಮೊದಲು ಮೀನುಗಾರಿಕೆ ಇಲಾಖೆಯನ್ನು ಕೇಳ್ರಿ.

ಅಂಗಡಿಯವರು ದುಬಾರಿ ಕಾರ್ಬನ್ ಕೋಲು ತೋರಿಸ್ತಾರೆ. ನನ್ನ ಪ್ರಕಾರ ಬ್ಯಾಡ. ಈ ಬೇಟ್‌ಗೆ ಇರೋದು ಮೂರು ಮುಳ್ಳಿನ ಸಣ್ಣ ಕೊಕ್ಕೆಗಳು. ಕೋಲು ಬಿರುಸಾಗಿದ್ದರೆ ಮೀನು ಕೊಸರಿದಾಗ ಕೊಕ್ಕೆ ಕಿತ್ತು ಬರುತ್ತದೆ. ನಡುವಿನ ತನಕ ಬಾಗುವ ಫೈಬರ್‌ಗ್ಲಾಸ್ ಕೋಲು ಆ ಜಗ್ಗಾಟ ತಾಳಿಕೊಳ್ಳುತ್ತದೆ, ಬೆಲೆಯೂ ಕಡಿಮೆ. ತುಸು ಭಾರ, ಅಷ್ಟೇ. ಆರೂವರೆಯಿಂದ ಏಳು ಅಡಿಯ ಮೀಡಿಯಂ ಕೋಲು ಸಾಕು. ಕೊಳ್ಳುವಾಗ ದಾರ ಹಾಯುವ ಉಂಗುರಗಳೊಳಗೆ ಹತ್ತಿ ಆಡಿಸಿ ನೋಡ್ರಿ. ಎಳೆ ಸಿಕ್ಕಿಕೊಂಡರೆ ಉಂಗುರ ಬಿರುಕು ಬಿಟ್ಟಿದೆ, ದಾರವನ್ನೂ ಕೊಯ್ಯುತ್ತದೆ. ಕಾರ್ಬನ್‌ನಾಗ ಕರೆಂಟ್ ಬೇರೆ ಹರಿಯುತ್ತದೆ. ಪಂಪ್‌ಸೆಟ್ ತಂತಿ ಕೆಳಗಂತೂ ಯಾವ ಕೋಲೂ ಎತ್ತಬ್ಯಾಡ್ರಿ.

ಪಾಲಿಥಿನ್ ಹಾಳೆ ಹಾಸಿದ ಹೊಂಡಕ್ಕೆ ಮಾತ್ರ ಕ್ರ್ಯಾಂಕ್‌ಬೇಟ್ ಹಾಕಲೇಬೇಡಿ. ಅಲ್ಲಿಗೆ ಬೆಂಡು ಕಟ್ಟಿದ ಒಂಟಿ ಗಾಳ, ಎರೆಹುಳು ಸಾಕು. ನಾನು ಹಾಕಿ ಕೆಟ್ಟೆ. ಕೊಕ್ಕೆ ತಳದ ಹಾಳೆಗೆ ಸಿಕ್ಕಿತ್ತು, ನಾನು ದೊಡ್ಡ ಮೀನು ಅಂತ ಜಗ್ಗಿದೆ. ಬೇಸಿಗೆಗೆ ಇಟ್ಟುಕೊಂಡಿದ್ದ ನೀರು ವಾರದಾಗ ಇಂಗಿಹೋಯಿತು, ಟೊಮೆಟೊ ಸಾಲು ನಿಂತಲ್ಲೇ ಬಾಡಿದವು.