ಬಿಎಸ್ಸಿ ಮಕ್ಕಳ ಕೈತಪ್ಪಿದ ಒಂದು ವರ್ಷ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾವು ಬೇರೆಯೇ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರುತ್ತದೆ. ಸ್ಥಾನ ಏರಿತೋ ಇಳಿಯಿತೋ ಅಂತ ನಾವೂ ಸುದ್ದಿ ಬರೆಯುತ್ತೇವೆ. ಅದೇ ಮಕ್ಕಳು ಬಿಎಸ್ಸಿ ಮುಗಿಸಿ ಮನೆಗೆ ಬಂದಾಗ ಮಾತ್ರ ಯಾವ ಪಟ್ಟಿಯೂ ಇರುವುದಿಲ್ಲ.

ಬಿಎಸ್ಸಿ ಆದವರಿಗೆ ಮನೆಯಲ್ಲಿ ಹೇಳುವ ದಾರಿ ಎರಡೇ: ಬಿಎಡ್ ಮಾಡಿ ಮೇಷ್ಟ್ರಾಗು, ಇಲ್ಲವೇ ಸರ್ಕಾರಿ ಕೆಲಸದ ಪರೀಕ್ಷೆಗೆ ಓದು. ಎಂಸಿಎ ಮಾಡ್ತೀನಿ ಅಂದರೆ, 'ಇಷ್ಟು ದಿನ ಓದಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತಲ್ಲ' ಎನ್ನುವ ಮಾತು ಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಪಾವಗಡದ ತಿರುಮಣಿ ಕಡೆ ನೋಡಿ. 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಊರವರಿಗೆ ಹೆಚ್ಚಾಗಿ ಸಿಕ್ಕಿದ್ದು ಹುಲ್ಲು ಕೀಳುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ. ಎಷ್ಟು ಕರೆಂಟ್ ಬಂತು, ಎಲ್ಲಿ ಕಡಿಮೆಯಾಯಿತು ಎನ್ನುವ ಲೆಕ್ಕ ಇರುವುದು ಕಂಪ್ಯೂಟರ್‌ನಲ್ಲಿ. ಆ ಲೆಕ್ಕ ನೋಡಲು ಭೌತಶಾಸ್ತ್ರವೂ ಬೇಕು, ಕಂಪ್ಯೂಟರೂ ಬೇಕು. ಬಿಎಸ್ಸಿ ಓದಿದ ಹುಡುಗಿಗೆ ಮೊದಲನೆಯದು ಆಗಲೇ ಗೊತ್ತು.

ಎಂಸಿಎ ಬಾಗಿಲೂ ಮುಚ್ಚಿಲ್ಲ. ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಪದವಿಯಲ್ಲಿ ಶೇ 50 ಅಂಕ, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಇದ್ದರೆ ಸಾಕು. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ದಾರಿ ಸಲೀಸು. ಓದದವರು ಆ ವರ್ಷದ ನಿಯಮ ನೋಡಿಕೊಂಡೇ ಅರ್ಜಿ ಹಾಕಬೇಕು.

ತೊಂದರೆ ಇರುವುದು ಬಾಗಿಲು ದಾಟಿದ ಮೇಲೆ. ಮೊದಲು ಎಂಸಿಎ ಮೂರು ವರ್ಷ ಇತ್ತು. 2020-21ರಿಂದ ಎರಡೇ ವರ್ಷ. ಬಿಸಿಎ ಮಾಡಿ ಬಂದವರು ಆಗಲೇ ಮೂರು ವರ್ಷ ಪ್ರೋಗ್ರಾಂ ಬರೆದಿರುತ್ತಾರೆ. ರಸಾಯನಶಾಸ್ತ್ರ ಓದಿ ಬಂದ ನಮ್ಮ ಹುಡುಗ ಅದೇ ಬೆಂಚಿನಲ್ಲಿ ಕೂತು ಅ ಆ ಇ ಈ ಇಂದ ಶುರು ಮಾಡಬೇಕು, ಅದೂ ಇಂಗ್ಲಿಷ್‌ನಲ್ಲಿ. ಹಿಂದೆ ಇದಕ್ಕೆ ಒಂದು ವರ್ಷ ಸಿಗುತ್ತಿತ್ತು. ಈಗ ಬ್ರಿಡ್ಜ್ ಕೋರ್ಸ್ ಅಂತ ನಿಯಮದಲ್ಲಿದೆ, ಆದರೆ ತರಗತಿ ಶುರುವಾದ ಮೇಲೆ ಅದನ್ನು ಓದಲು ಪುರುಸೊತ್ತು ಯಾರಿಗಿದೆ? ಮೊದಲ ಸೆಮಿಸ್ಟರ್‌ನಲ್ಲಿ ವಿಷಯ ಉಳಿಸಿಕೊಂಡವರಿಗೆ ದಡ್ಡ ಎನ್ನುವ ಪಟ್ಟ. ಮನೆಯಲ್ಲಿ ಸಾಲ ಬೇರೆ.

ಅದಕ್ಕೇ ನಾವು ಕೇಳುವುದು ಇಷ್ಟು. ಆ ಬ್ರಿಡ್ಜ್ ಕೋರ್ಸ್ ನಮ್ಮ ತಾಲ್ಲೂಕಿನಲ್ಲೇ ನಡೆಯಲಿ. ಬಿಎಸ್ಸಿ ಕೊನೆಯ ಪರೀಕ್ಷೆ ಮುಗಿದು ಎಂಸಿಎ ತರಗತಿ ಶುರುವಾಗುವ ತನಕ ಮಕ್ಕಳು ಮನೆಯಲ್ಲೇ ಇರುತ್ತಾರೆ. ಆ ದಿನಗಳಲ್ಲಿ ನಾಲ್ಕೂ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಗಣಿತ, ಪ್ರೋಗ್ರಾಮಿಂಗ್ ಹೇಳಿಕೊಡಲಿ. ಕನ್ನಡದಲ್ಲಿ ವಿವರಿಸಿ, ಇಂಗ್ಲಿಷ್‌ನಲ್ಲಿ ಬರೆಸಲಿ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾಗಿದ್ದೇ ಈ ಜಿಲ್ಲೆಯ ಮಕ್ಕಳಿಗಾಗಿ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿದರೂ ದಾರಿಯಲ್ಲಿ ಹೋಗುವ ಹೊತ್ತು ಉಳಿಯುವುದಿಲ್ಲ.

ಅಲ್ಲಿಯ ತನಕ ಮಕ್ಕಳು ಸುಮ್ಮನೆ ಕೂರಬೇಡಿ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಹಲವು ಪಾಠಗಳು ಕನ್ನಡ ದನಿಯಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. ಕೊನೆಯ ವರ್ಷದಲ್ಲೇ ದಿನಕ್ಕೊಂದು ಗಂಟೆ ಕೂತರೆ ಮೊದಲ ಸೆಮಿಸ್ಟರ್‌ನಲ್ಲಿ ಕಣ್ಣುಕಣ್ಣು ಬಿಡುವುದು ತಪ್ಪುತ್ತದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸೀಟು ಕೊಡಿಸ್ತೀನಿ ಅಂತ ಬರುವ ಏಜೆಂಟನಿಗೆ ಮುಂಗಡ ಕೊಡುವ ಮೊದಲು ಪಿಜಿಸಿಇಟಿ ಬರೆಸಿ, ಸರ್ಕಾರಿ ಸೀಟು ಸಿಗುತ್ತದಾ ನೋಡಿ. ಶಿಕ್ಷಣ ಸಾಲ ಬೇಕೇ ಬೇಕಾದರೆ, 4 ಲಕ್ಷದವರೆಗೆ ಬ್ಯಾಂಕಿಗೆ ಜಮೀನು ಅಡ ಇಡಬೇಕಿಲ್ಲ. ಇದನ್ನು ಮ್ಯಾನೇಜರ್ ಹತ್ತಿರ ಧೈರ್ಯವಾಗಿ ಕೇಳಿ.

ನಿಮ್ಮೂರಿನ ಕಾಲೇಜಿನ ಅಭಿವೃದ್ಧಿ ಸಮಿತಿಗೆ ನಿಮ್ಮ ಶಾಸಕರೇ ಅಧ್ಯಕ್ಷರು. ಮುಂದಿನ ಸಲ ಅವರು ಊರಿಗೆ ಬಂದಾಗ ಸಿಸಿ ರಸ್ತೆ, ಬೋರ್‌ವೆಲ್ ಜೊತೆಗೆ ಈ ಬ್ರಿಡ್ಜ್ ಕೋರ್ಸನ್ನೂ ಅರ್ಜಿಯಲ್ಲಿ ಸೇರಿಸಿ.