ನೋಡಿಬರಲು ಹೋಗುವವರಿಗೆ

‘ನೋಡಿಕೊಂಡು ಬರುವುದು’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಹಾಸಿಗೆ ಹಿಡಿದ ಚಿಕ್ಕಪ್ಪನನ್ನು ನೋಡಿಕೊಂಡು ಬರುತ್ತೇವೆ. ಜೋಗದ ಜಲಪಾತವನ್ನೂ ನೋಡಿಕೊಂಡು ಬರುತ್ತೇವೆ. ಮೊದಲನೆಯ ಕಡೆ ನಮ್ಮ ಬರವಿಗಾಗಿ ಒಬ್ಬರು ಕಾಯುತ್ತಿರುತ್ತಾರೆ. ಎರಡನೆಯ ಕಡೆ ಯಾರೂ ಕಾಯುತ್ತಿರುವುದಿಲ್ಲ, ನೀರು ತನ್ನಷ್ಟಕ್ಕೆ ಬೀಳುತ್ತಿರುತ್ತದೆ. ಬಡ ಕೃಷಿಕರ, ಕೂಲಿಕಾರರ ಊರುಗಳಿಗೆ ನಾವು ಕೈಗೊಳ್ಳುವ ಪ್ರಯಾಣಗಳು ಮೊದಲನೆಯ ಅರ್ಥದ ಹೆಸರು ಹೇಳಿಕೊಂಡು ಹೊರಟು ಎರಡನೆಯ ಅರ್ಥದಲ್ಲಿ ಮುಗಿಯುತ್ತಿವೆ. ನನ್ನ ತಕರಾರು ಇಷ್ಟೇ. ಆದರೆ ಈ ತಕರಾರು ಸಣ್ಣದಲ್ಲ.

ದಕ್ಷಿಣ ಕೊಡಗಿನ ಮಾಕುಟ್ಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಿರಾಜಪೇಟೆಯಿಂದ ಪೆರುಂಬಾಡಿಯನ್ನು ದಾಟಿ ಘಟ್ಟವಿಳಿದು ಕೇರಳದ ಕೂಟುಪುಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ರಾಜ್ಯದ ಗಡಿಗೆ ತಾಗಿಕೊಂಡು ಈ ಸ್ಥಳವಿದೆ. ಅಲ್ಲಿರುವುದು ಬಹುಪಾಲು ರಕ್ಷಿತಾರಣ್ಯ, ಒಂದು ತನಿಖಾ ಠಾಣೆ ಮತ್ತು ಚದುರಿದಂತೆ ಕೆಲವು ಮನೆಗಳು. ಪ್ರವಾಸಿಗನ ಪಾಲಿಗೆ ಮಾಕುಟ್ಟವೆಂದರೆ ಹಸಿರು ಸುರಂಗದಂತಹ ರಸ್ತೆ, ಮಳೆಗಾಲದಲ್ಲಿ ಬಂಡೆಗಳಿಂದ ಧುಮುಕುವ ಝರಿಗಳು, ಕಾರು ನಿಲ್ಲಿಸಿ ತೆಗೆದ ಹತ್ತಾರು ಚಿತ್ರಗಳು. ಆ ರಸ್ತೆಯ ಮೇಲೂ ಕೆಳಗೂ, ಹೆಗ್ಗಳ, ಆರ್ಜಿ, ಬೇಟೋಳಿಗಳ ಸುತ್ತಮುತ್ತ ತೋಟಗಳಿವೆ, ಪೈಸಾರಿಗಳಿವೆ, ಹಾಡಿಗಳಿವೆ, ಲೈನ್ ಮನೆಗಳಿವೆ. ಚಿತ್ರಗಳಲ್ಲಿ ಅವು ಬರುವುದಿಲ್ಲ.

ಈ ಘಟ್ಟವನ್ನು ಹತ್ತಿದ ಪರಸ್ಥಳೀಯರಲ್ಲಿ ನಾವೇ ಮೊದಲಿಗರಲ್ಲ. 1791ರಲ್ಲಿ ಬ್ರಿಟಿಷ್ ಸೇನಾನಿ ಅಬರ್‌ಕ್ರೋಂಬಿ ಕಣ್ಣೂರಿನ ಕಡೆಯಿಂದ ಸೈನ್ಯದೊಂದಿಗೆ ಹೆಗ್ಗಳದ ಘಟ್ಟವನ್ನೇರಿ ಕೊಡಗನ್ನು ಪ್ರವೇಶಿಸಿದನು. ಅವನಿಗೂ ದೊಡ್ಡ ವೀರರಾಜೇಂದ್ರನಿಗೂ ನಡೆದ ಭೇಟಿಯ ನೆನಪಿಗೆ ವೀರರಾಜಪೇಟೆ ಹುಟ್ಟಿತು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಅರಸನು ಆಶ್ರಯವಿತ್ತನು. 1792ರಲ್ಲಿ ಸ್ಥಾಪಿತವಾದ ಸಂತ ಅನ್ನಮ್ಮನವರ ದೇವಾಲಯ ಇಂದಿಗೂ ಅದಕ್ಕೆ ಸಾಕ್ಷಿ. ಈ ನಾಡಿಗೆ ನಮ್ಮವರು ಬಂದದ್ದು ದಾನಿಗಳಾಗಿ ಅಲ್ಲ, ದಿಕ್ಕಿಲ್ಲದವರಾಗಿ. ಕಂಬಳಿ ಹಂಚಲು ಹೊರಟವರು ಈ ಇತಿಹಾಸವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಕಂಬಳಿಯ ಮಾತು ಬಂದದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ. ಕ್ರಿಸ್ತಜಯಂತಿಯ ರಜೆ ಬಂತೆಂದರೆ ಪಟ್ಟಣಗಳ ಶಾಲಾಕಾಲೇಜುಗಳಿಂದ, ಸಂಘಸಂಸ್ಥೆಗಳಿಂದ, ನಮ್ಮ ಧರ್ಮಕೇಂದ್ರಗಳಿಂದಲೂ ‘ಗ್ರಾಮ ದರ್ಶನ’, ‘ಎಕ್ಸ್‌ಪೋಷರ್’ ಎಂಬ ಹೆಸರಿನ ಶಿಬಿರಗಳು ಹೊರಡುತ್ತವೆ. ಬೆಳಿಗ್ಗೆ ಹತ್ತಕ್ಕೆ ಬಸ್ಸು ಹಾಡಿಯ ಬಾಯಿಗೆ ಬರುತ್ತದೆ. ಮಕ್ಕಳಿಗೆ ಕೇಕು, ಮುದುಕರಿಗೆ ಹೊದಿಕೆ, ಹೆಂಗಸರಿಗೆ ಹಳೆಯ ಸೀರೆ. ಒಂದು ಭಾಷಣ, ಒಂದು ಕುಣಿತ, ಅದೂ ಅವರದೇ ಕುಣಿತ, ನಮ್ಮ ಅಪೇಕ್ಷೆಯ ಮೇರೆಗೆ. ನಾಲ್ಕು ಗಂಟೆಗೆ ಬಸ್ಸು ಹೊರಡುತ್ತದೆ. ಹಿಂದಿರುಗಿದ ಮೇಲೆ ‘ಇಷ್ಟು ಕಡಿಮೆ ಇದ್ದರೂ ಎಷ್ಟು ಸಂತೋಷವಾಗಿದ್ದಾರೆ’ ಎಂಬ ವಾಕ್ಯವಿಲ್ಲದೆ ಒಂದು ವರದಿಯೂ ಮುಗಿಯುವುದಿಲ್ಲ.

ಡಿಸೆಂಬರ್ ತಿಂಗಳು ಕೊಡಗಿನಲ್ಲಿ ಏನೆಂಬುದು ಆ ವರದಿ ಬರೆದವರಿಗೆ ತಿಳಿದಿದೆಯೇ? ಅದು ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತ ಬಂದು ರೊಬಸ್ಟಾ ಹಣ್ಣಾಗುವ ಹೊತ್ತು. ಫೆಬ್ರವರಿಯವರೆಗೂ ತೋಟಗಳಲ್ಲಿ ಕೈಗಳು ಸಾಲವು. ಕೊಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುವ, ಕೂಲಿ ಕುಟುಂಬವೊಂದು ಮಳೆಗಾಲದ ಸಾಲ ತೀರಿಸಿಕೊಳ್ಳಬಹುದಾದ ಕೆಲವೇ ವಾರಗಳವು. ಹಗಲಿನಲ್ಲಿ ಹಾಡಿ ಖಾಲಿಯಿರಬೇಕಾದ ದಿನಗಳಲ್ಲಿ ನಮ್ಮ ಬಸ್ಸಿಗಾಗಿ ಅದು ತುಂಬಿರುತ್ತದೆ. ‘ನಾಳೆ ದೊಡ್ಡವರು ಬರುತ್ತಾರೆ, ಯಾರೂ ಕೆಲಸಕ್ಕೆ ಹೋಗಬೇಡಿ’ ಎಂದು ಮುನ್ನಾದಿನ ಯಾರಾದರೂ ಹೇಳಿಹೋಗಿರುತ್ತಾರೆ. ಒಂದು ದಿನದ ಕೂಲಿಯನ್ನು ಕಳೆದು ಒಂದು ಹೊದಿಕೆಯನ್ನು ಕೊಟ್ಟರೆ ಉಳಿಯುವ ಲೆಕ್ಕವೆಷ್ಟು? ದಾನ ಮಾಡಿದವರು ಯಾರು, ಪಡೆದವರು ಯಾರು? ಆ ದಿನದ ನಮ್ಮ ಪುಣ್ಯಾನುಭವದ ಖರ್ಚನ್ನು ಹಾಡಿಯವರೇ ಭರಿಸಿದರೆಂದು ಹೇಳಿದರೆ ಕಟುವೆನಿಸಬಹುದು. ಲೆಕ್ಕವಂತೂ ಹಾಗೆಯೇ ಹೇಳುತ್ತದೆ.

ಈ ರೋಗ ಕೊಡಗಿನದು ಮಾತ್ರವಲ್ಲ. ಕೆರಿಬಿಯನ್ ಸಮುದ್ರದ ಹೈಟಿ ದೇಶವನ್ನು ನೋಡಿ. 2010ರ ಜನವರಿ 12ರ ಭೂಕಂಪಕ್ಕೆ ಮೊದಲೂ ಅನಂತರವೂ ಆ ಪುಟ್ಟ ದೇಶದ ಹಳ್ಳಿಗಳಿಗೆ ವಾರದ ಮಟ್ಟಿಗೆ ಸೇವೆಗೆಂದು ಹಾರಿಬಂದ ವಿದೇಶೀ ತಂಡಗಳಿಗೆ ಲೆಕ್ಕವಿಲ್ಲ. ಬಂದವರು ಗೋಡೆಗೆ ಬಣ್ಣ ಬಳಿದರು, ಮಕ್ಕಳನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಂಡರು. ಹೈಟಿಯ ರೈತನನ್ನು ಕೆಡವಿದ್ದು ಮಾತ್ರ ಭೂಕಂಪಕ್ಕಿಂತ ಹಳೆಯದೊಂದು ನಿರ್ಧಾರ. 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸಲಾಯಿತು. ಸರ್ಕಾರದ ಸಹಾಯಧನದಿಂದ ಬೆಳೆದ ಅಮೆರಿಕದ ಅಕ್ಕಿ ಪ್ರವಾಹದಂತೆ ನುಗ್ಗಿ ಆರ್ಟಿಬೊನೈಟ್ ಕಣಿವೆಯ ಭತ್ತದ ಬೆಳೆಗಾರರನ್ನು ಮುಳುಗಿಸಿತು. ಆ ನೀತಿ ತನ್ನ ರಾಜ್ಯವಾದ ಅರ್ಕನ್ಸಾಸಿನ ರೈತರಿಗೆ ಒಳಿತು ಮಾಡಿರಬಹುದೇ ಹೊರತು ಹೈಟಿಗಲ್ಲವೆಂದು ಮಾಜಿ ಅಧ್ಯಕ್ಷ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ದಾನವಾಗಿಯೂ ಮಾರಾಟಕ್ಕೂ ಹಡಗಿನಲ್ಲಿ ಬಂದಿಳಿದ ಹಳೆಯ ಬಟ್ಟೆಯ ಮೂಟೆಗಳಿಗೆ ಅಲ್ಲಿ ‘ಪೆಪೆ’ ಎನ್ನುತ್ತಾರೆ. ಅವು ಅಲ್ಲಿನ ದರ್ಜಿಗಳ ಹೊಟ್ಟೆಯ ಮೇಲೆ ಹೊಡೆದವು. ಹಳೆಯ ಸೀರೆಗಳನ್ನು ಗಂಟು ಕಟ್ಟುವಾಗ ಇದು ನೆನಪಿಗೆ ಬರಲಿ.

ಅದೇ ಹೈಟಿಯ ಹಳ್ಳಿಗಳಲ್ಲಿ ‘ಕೊನ್‌ಬಿಟ್’ ಎಂಬ ಪದ್ಧತಿಯಿದೆ. ಒಬ್ಬನ ಹೊಲಕ್ಕೆ ಊರವರೆಲ್ಲ ಸೇರಿ ಗುದ್ದಲಿ ಹಿಡಿಯುತ್ತಾರೆ, ಹಾಡುತ್ತಾರೆ, ಆತನ ಮನೆಯಲ್ಲಿ ಉಣ್ಣುತ್ತಾರೆ. ಮುಂದೆ ಅವನು ಅವರ ಹೊಲಕ್ಕೆ ಹೋಗುತ್ತಾನೆ. ನಮ್ಮ ಮುಯ್ಯಾಳು ಪದ್ಧತಿಯೇ! ವಿಮಾನವಿಳಿದ ಸೇವಕನಿಗೆ ಇದು ಕಾಣಿಸಲಿಲ್ಲ, ಏಕೆಂದರೆ ಆತನು ಕೊರತೆಯನ್ನು ನೋಡಲು ಬಂದಿದ್ದನು. ಕೊರತೆಯನ್ನೇ ಹುಡುಕುವ ಕಣ್ಣಿಗೆ ಎದುರಿನವರ ಬಲ ಗೋಚರಿಸುವುದಿಲ್ಲ. ಜೇನುಕುರುಬರ ಹಾಡಿಗೆ ಹೋದವರಲ್ಲಿ ಎಷ್ಟು ಮಂದಿ ಅಲ್ಲಿನ ಹಿರಿಯರಿಂದ ಕಾಡಿನ ಒಂದು ಗೆಡ್ಡೆಯ ಹೆಸರನ್ನಾದರೂ ಕಲಿತು ಬಂದಿದ್ದಾರೆ?

ಇದನ್ನೆಲ್ಲ ನಮಗಿಂತ ಬಹಳ ಮೊದಲೇ, ನಮಗಿಂತ ನಿಷ್ಠುರವಾಗಿ ನುಡಿದವರು ಒಬ್ಬ ಕಥೋಲಿಕ ಗುರುಗಳು. ಮೆಕ್ಸಿಕೋದ ಕುಯರ್ನವಾಕದಲ್ಲಿ ನೆಲೆಸಿದ್ದ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ವಿದ್ಯಾರ್ಥಿಗಳ ಮುಂದೆಯೇ ನಿಂತು, ನಿಮ್ಮ ಸದುದ್ದೇಶ ಯಾರಿಗೂ ಬೇಕಿಲ್ಲವೆಂಬ ಅರ್ಥದಲ್ಲಿ ಮಾತನಾಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಬರಬೇಡಿ ಎಂಬುದು ಅವರ ವಾದದ ತಿರುಳು. ಆ ಯುವಕರಿಗೆ ಹಳ್ಳಿಯವರ ಭಾಷೆಯೂ ಬಾರದು. ಹಳ್ಳಿಯವರು ತಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆಂಬುದು ಅವರ ಕಿವಿಗೆ ಬೀಳುವ ಸಂಭವವೇ ಇಲ್ಲ ಎಂಬುದನ್ನು ಇಲಿಚ್ ಮುಖ್ಯವಾಗಿ ಗಮನಿಸಿದ್ದರು. ಯರವರ ಮಾತು ನಮಗೆಷ್ಟು ಮಂದಿಗೆ ಅರ್ಥವಾಗುತ್ತದೆ?

‘ಹಾಗಾದರೆ ಯಾರೂ ಹೋಗಲೇಬಾರದೇ? ಮಕ್ಕಳು ಬಡತನವನ್ನು ಕಾಣದೆಯೇ ಬೆಳೆಯಬೇಕೇ?’ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ಪ್ರಾಮಾಣಿಕವಾದದ್ದೇ. ಆದರೆ ಬಡತನ ವಸ್ತುಸಂಗ್ರಹಾಲಯದ ವಸ್ತುವಲ್ಲ. ಅದಕ್ಕೆ ಕಾರಣಗಳಿವೆ, ಕಾರಣಗಳಿಗೆ ವಿಳಾಸಗಳಿವೆ. ಹಾಡಿಯಲ್ಲಿ ಕಾಣುವುದು ಪರಿಣಾಮ; ಕಾರಣವನ್ನು ನೋಡಬೇಕಾದರೆ ಬಸ್ಸು ಬೇರೆ ಕಡೆ ನಿಲ್ಲಬೇಕಾಗುತ್ತದೆ. ವಯನಾಡಿನ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಆದಿವಾಸಿಗಳನ್ನು ವರ್ಷದ ದುಡಿಮೆಗೆ ಜಮೀನುದಾರರು ಹಣ ಕೊಟ್ಟು ಒಯ್ಯುತ್ತಿದ್ದುದು ಪುರಾಣದ ಕಥೆಯಲ್ಲ, ನಮ್ಮ ಅಜ್ಜಂದಿರ ಕಾಲದ ಸಂಗತಿ. ಜೀತ ಪದ್ಧತಿಯನ್ನು ರದ್ದುಪಡಿಸುವ ಕಾನೂನು ಬಂದದ್ದು 1976ರಲ್ಲಿ. ಮುಂಗಡವೆಂಬ ಹಗ್ಗದ ಕುಣಿಕೆ ಕಾನೂನು ಬಂದ ದಿನವೇ ಬಿಚ್ಚಿಕೊಳ್ಳಲಿಲ್ಲ.

ಇನ್ನೂ ಹತ್ತಿರಕ್ಕೆ ಬನ್ನಿ. 2016ರ ಡಿಸೆಂಬರ್‌ನಲ್ಲಿ, ಅದೂ ಆಗಮನ ಕಾಲದಲ್ಲಿ, ಅಂದಿನ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಅರಣ್ಯಭೂಮಿಯಲ್ಲಿವೆಯೆಂದು ಕೆಡವಲಾಯಿತು. ಅಲ್ಲಿ ಗುಡಿಸಲು ಹಾಕಿದ್ದವರಲ್ಲಿ ಬಹಳ ಮಂದಿ ತೋಟಗಳ ಲೈನ್ ಮನೆಗಳನ್ನು ಬಿಟ್ಟುಬಂದವರು. ದುಡಿಮೆ ನಿಂತ ದಿನವೇ ನೆರಳೂ ನಿಲ್ಲುವ ಮನೆ ಅದು. ಸ್ವಂತದ್ದೆಂದು ಹೇಳಿಕೊಳ್ಳಲು ನಾಲ್ಕು ಗಜ ನೆಲ ಬೇಕೆಂದು ಅವರು ಹೊರಟಿದ್ದರು. ದೀರ್ಘ ಹೋರಾಟದ ನಂತರ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ದೊರೆಯಿತು. ಗೋದಲಿಯಲ್ಲಿ ಜಾಗ ಸಿಗದವರ ಕಥೆಯನ್ನು ಪ್ರತಿವರ್ಷ ನಾಟಕವಾಡುವ ನಾವು ಆ ಡಿಸೆಂಬರ್‌ನಲ್ಲಿ ಎಷ್ಟು ಬಸ್ಸುಗಳನ್ನು ದಿಡ್ಡಳ್ಳಿಗೆ ಹೊರಡಿಸಿದೆವು?

ಮಾಕುಟ್ಟದಿಂದ ಗಡಿಯಾಚೆಗೆ ಇಣುಕಿದರೂ ಇದೇ ಕಥೆಯ ಇನ್ನೊಂದು ಅಧ್ಯಾಯ. ಕಣ್ಣೂರು ಜಿಲ್ಲೆಯ ಆರಳಂ ಫಾರ್ಮನ್ನು ಕೇರಳ ಸರ್ಕಾರ 2004ರಲ್ಲಿ ಭೂಹೀನ ಆದಿವಾಸಿಗಳ ಪುನರ್ವಸತಿಗಾಗಿ ಕೊಂಡಿತು. ನೆಲ ಸಿಕ್ಕಿತು, ನೆಲದೊಡನೆ ಆನೆಗಳೂ ಸಿಕ್ಕವು. 2025ರ ಫೆಬ್ರವರಿಯಲ್ಲಿ ಅಲ್ಲಿ ಒಂದೇ ದಿನ ಗಂಡಹೆಂಡಿರಿಬ್ಬರೂ ಆನೆಯ ದಾಳಿಗೆ ಬಲಿಯಾದರು. ಪ್ರವಾಸಿಗನು ಸಫಾರಿಯಲ್ಲಿ ಕಾಣಲು ಹಣ ತೆರುವ ಅದೇ ಆನೆ.

ಹೋಂಸ್ಟೇಗಳ ಬಗ್ಗೆಯೂ ಒಂದು ಮಾತು. 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷ ಜನರಿರುವ ಜಿಲ್ಲೆಗೆ ವರ್ಷಕ್ಕೆ ಅದರ ಹಲವು ಪಟ್ಟು ಪ್ರವಾಸಿಗರು ಬರುತ್ತಾರೆ. ಬೆಲೆಯ ಏರಿಳಿತದಲ್ಲಿ ಬೆಂದ ಸಣ್ಣ ಬೆಳೆಗಾರನಿಗೆ ಹೋಂಸ್ಟೇ ಆಸರೆಯಾಗಿದೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅತಿಥಿಯ ತಟ್ಟೆಗೆ ಕಡುಬು ಬಡಿಸಿದ ಕೈ ರಾತ್ರಿ ಮರಳುವ ಲೈನ್ ಮನೆಗೆ ಬಾಗಿಲು, ಶೌಚಾಲಯ, ದೀಪ ಇವೆಯೇ ಎಂದು ಕೇಳಿದ ಅತಿಥಿ ಅಪರೂಪ. ಈಗ ಆ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಕೊಠಡಿಯಲ್ಲಿ ಬಿಸಿನೀರು ಬರುವುದಿಲ್ಲವೆಂದು ದೂರುವಷ್ಟೇ ಸಲೀಸಾಗಿ ಆ ಪ್ರಶ್ನೆಯನ್ನೂ ಮಾಲೀಕರಿಗೆ ಕೇಳಬಹುದು. ಹಣ ಕೊಡುವ ಅತಿಥಿಯ ಪ್ರಶ್ನೆಗೆ ತೂಕವಿರುತ್ತದೆ.

ಮತ್ತೆ ಕಾಲದ ಮಾತಿಗೆ ಬರುತ್ತೇನೆ. 2018ರ ಜೂನ್‌ನಲ್ಲಿ ಮಾಕುಟ್ಟ–ಪೆರುಂಬಾಡಿ ರಸ್ತೆಯ ಹಲವೆಡೆ ಗುಡ್ಡ ಕುಸಿದು ಸಂಚಾರ ವಾರಗಟ್ಟಲೆ ಸ್ಥಗಿತವಾಯಿತು. ಅದೇ ಆಗಸ್ಟ್‌ನ ಮಹಾಮಳೆ ಕೊಡಗಿನ ಬೆಟ್ಟಗಳನ್ನೇ ಕರಗಿಸಿತು. ಮರುವರ್ಷ ತೋರದಲ್ಲಿ ಮನೆಗಳು ಮಣ್ಣಿನಡಿ ಸೇರಿದವು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಭೀತಿಯಿಂದ ಮಾಕುಟ್ಟದ ಗಡಿಗೆ ಮಣ್ಣು ಸುರಿಯಲಾಯಿತು. ದಿನಸಿಗೂ ಆಸ್ಪತ್ರೆಗೂ ಆಚೀಚೆ ಓಡಾಡುತ್ತ ಬದುಕಿದ್ದ ಗಡಿಜನರಿಗೆ ಆ ಮಣ್ಣಿನ ರಾಶಿ ಏನಾಗಿತ್ತೆಂಬುದು ಯಾವ ಪ್ರವಾಸಕಥನದಲ್ಲಿಯೂ ಬರಲಿಲ್ಲ. ರಸ್ತೆ ತೆರೆದಾಗ ಬರುವವರು ನಾವು. ರಸ್ತೆ ಮುಚ್ಚಿದಾಗ ಅಲ್ಲಿಯೇ ಇರುವವರು ಅವರು.

ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಊರೂರಿಗೆ ಕಳುಹಿಸಿದಾಗ ಹಣದ ಚೀಲವನ್ನೂ ಜೋಳಿಗೆಯನ್ನೂ ಬಿಟ್ಟುಹೋಗಲು ಹೇಳಿದ್ದು, ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಲು ಹೇಳಿದ್ದು ಲೂಕರ ಶುಭಸಂದೇಶದಲ್ಲಿದೆ. ಬರಿಗೈಯಲ್ಲಿ ಹೋದವನಿಗೆ ಮನೆಯವರ ಹಂಗು ಬೇಕಾಗುತ್ತದೆ. ಅವನು ಜಗುಲಿಯಲ್ಲಿ ಕುಳಿತು, ಕರೆಯುವವರೆಗೂ ಕಾದು, ಒಳಗೆ ಹೋಗಬೇಕಾಗುತ್ತದೆ. ಹೊದಿಕೆಯ ಮೂಟೆ ಹೊತ್ತವನು ಕಾಯುವುದಿಲ್ಲ. ಅವನಿಗಾಗಿ ಸಾಲು ನಿಲ್ಲುತ್ತದೆ.

ಆದುದರಿಂದ ಶಿಬಿರಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಹೀಗಿದೆ. ಡಿಸೆಂಬರ್ ಬಿಡಿ, ಜುಲೈನಲ್ಲಿ ಬನ್ನಿ. ಆಗ ಕೊಯ್ಲಿನ ಕೂಲಿ ಇರುವುದಿಲ್ಲ, ಸೌದೆ ಒದ್ದೆಯಾಗಿರುತ್ತದೆ, ಜಿಗಣೆ ಕಾಲಿಗೆ ಹತ್ತುತ್ತದೆ. ನಲವತ್ತು ಮಂದಿ ಬೇಡ, ನಾಲ್ವರು ಸಾಕು. ಬರಬಹುದೇ ಎಂದು ಮೊದಲು ಹಾಡಿಯ ಹಿರಿಯರನ್ನು ಕೇಳಿ, ಬೇಡವೆಂದರೆ ಬೇಡ. ಉಂಡ ಊಟಕ್ಕೆ, ತೆಗೆದುಕೊಂಡ ಸಮಯಕ್ಕೆ ಹಣ ಕೊಡಿ. ಮೊಬೈಲು ಚೀಲದಲ್ಲಿರಲಿ. ಅವರು ಕೇಳಿಕೊಂಡರೆ, ಕೇಳಿಕೊಂಡರೆ ಮಾತ್ರ, ನಿಮ್ಮ ಅಕ್ಷರದಿಂದ ಆಗುವ ಕೆಲಸವೊಂದಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಾಗಿದ್ದು ಕೃಷಿ ಮಾಡುತ್ತಿರುವ ಆದಿವಾಸಿ ಕುಟುಂಬ ನಾಲ್ಕು ಹೆಕ್ಟೇರ್ ಮೀರದಂತೆ ತನ್ನ ಅನುಭೋಗದಲ್ಲಿರುವ ಭೂಮಿಗೆ ಹಕ್ಕುಪತ್ರ ಕೇಳಬಹುದು. ಕಾಗದಪತ್ರಗಳ ಜೊತೆಗೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೆಂದು ನಿಯಮ ಒಪ್ಪುತ್ತದೆ. ಯಾವ ಮರದ ಬುಡದಲ್ಲಿ ಯಾರನ್ನು ಹೂಳಲಾಗಿದೆ, ಯಾವ ಹೊಳೆಯ ದಡದಲ್ಲಿ ಅಜ್ಜ ರಾಗಿ ಬಿತ್ತುತ್ತಿದ್ದ ಎಂಬುದನ್ನು ಹೇಳಬಲ್ಲವರು ಇನ್ನೂ ಇದ್ದಾರೆ, ಬಹಳ ವಯಸ್ಸಾಗಿದೆ. ಅದನ್ನು ಬರೆದುಕೊಳ್ಳಲು ಒಂದು ದಿನ ಸಾಲದು. ಈ ವರ್ಷದ ಶಿಬಿರದ ದಿನಾಂಕ ಇನ್ನೂ ಗೊತ್ತಾಗಿಲ್ಲವಾದರೆ, ಬಸ್ಸಿಗೆ ಮುಂಗಡ ಕೊಡುವ ಮೊದಲು ಆ ಹಿರಿಯರಿಗೆ ಒಂದು ಮಾತು ಕೇಳಿಸಿ.